ಉಗ್ರಾಣಿ ಒಂದು ತಾಲ್ಲೂಕಿಗೆ ಅಂಕ ಕೊಟ್ಟದ್ದು

“ಇಡೀ ಪ್ರಪಂಚ ಮುಳುಗಿದರೂ ನಮ್ಮ ಮನೆಯ ಮೂರು ತಲೆ ಮಾತ್ರ ಮುಳುಗಬಾರದು!”

ಹೀಗೆಂದು ಉಗ್ರಾಣಿ ಘೋಷಿಸಿದ್ದು ಬಚ್ಚಲುಮನೆಯಿಂದ. ಅದೂ ಮೈತುಂಬ ಸೋಪು ಹಚ್ಚಿಕೊಂಡು. ನಲ್ಲಿ ಗೊರಗೊರ ಎಂದು ಎರಡು ಸಲ ಕೆಮ್ಮಿ ಸುಮ್ಮನಾಗಿತ್ತು. ಬೇರೆ ಯಾರೇ ಆಗಿದ್ದರೂ ನೀರು ಬಿಡುವವನಿಗೆ ನಾಲ್ಕು ಮಾತು ಬೈದು, ಪಕ್ಕದ ಮನೆಯಿಂದ ಒಂದು ಬಕೆಟ್ ನೀರು ತರಿಸಿ, ಮೈ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಉಗ್ರಾಣಿ ಅಂಥವನಲ್ಲ. ಅವನು ಸೋಪಿನಲ್ಲೇ ನಿಂತು ನಾಗರಿಕತೆಯ ಅಂತ್ಯವನ್ನು ಕಣ್ಣಾರೆ ಕಂಡ. ಕಣ್ಣಿಗೆ ಸೋಪು ಹೋಗಿದ್ದರಿಂದ ಅದು ಸ್ವಲ್ಪ ಉರಿಯುತ್ತಲೂ ಇತ್ತು.

“ಏನ್ರೀ, ಕರೆದ್ರಾ?” ಎಂದು ಹೊಲಿಗೆ ಯಂತ್ರದ ಸದ್ದಿನ ನಡುವೆ ಹೆಂಡತಿ ಕೇಳಿದಳು.

“ನಾವು ಈ ಪಟ್ಟಣ ಬಿಡ್ತಾ ಇದೀವಿ!”

“ಮೊದಲು ಮೈ ಒರೆಸಿಕೊಂಡು ಬನ್ನಿ. ಹಾಗೇ ಬಿಡೋಕಾಗಲ್ಲ.”

ಉಗ್ರಾಣಿಯ ವೃತ್ತಿಯನ್ನು ಹೇಳದಿದ್ದರೆ ಅವನ ವಿಪತ್ತು ಅರ್ಥವಾಗುವುದಿಲ್ಲ. ದೊಡ್ಡ ಕಾರ್ಖಾನೆಯೊಂದರ ಉಗ್ರಾಣ ಅವನ ಕೈಯಲ್ಲಿತ್ತು. ಬಲ್ಬು, ಪೊರಕೆ, ಕೈಗವಸು, ಮೊಳೆ, ಹಗ್ಗ, ಎಲ್ಲವೂ ಅವನ ಬೀಗದ ಹಿಂದೆ ಛಾವಣಿ ಮುಟ್ಟುವಷ್ಟಿದ್ದವು. ಆದರೆ ಕಿಟಕಿಯ ಮುಂದೆ ಯಾರೇ ಬಂದು ಏನೇ ಕೇಳಲಿ, ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ಸ್ಟಾಕ್ ಇಲ್ಲ.” ಬಲ್ಬು ಕೇಳಲು ಬಂದವರು ಕತ್ತಲಲ್ಲೇ ಹಿಂತಿರುಗುತ್ತಿದ್ದರು. ಕೊಟ್ಟರೆ ಮುಗಿಯುತ್ತದೆ, ಕೊಡದಿದ್ದರೆ ಇರುತ್ತದೆ ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತದ ಬಲದಿಂದ ಅವನು ಎರಡು ಬಾರಿ ಮೆಚ್ಚುಗೆ ಪತ್ರವನ್ನೂ ಪಡೆದಿದ್ದ. ಇಂಥವನಿಗೆ ಇತ್ತೀಚೆಗೆ ಫೋನಿನಲ್ಲಿ ಒಂದು ಹೊಸ ಹುಚ್ಚು ಹಿಡಿದಿತ್ತು. ‘ಪ್ರಳಯಕ್ಕೆ ಮುನ್ನ ಹಳ್ಳಿ ಸೇರಿ’, ‘ಸ್ವಾವಲಂಬಿ ಮನೆ ಕಟ್ಟಿ’, ‘ನಿಮ್ಮ ದಾಸ್ತಾನು ನಿಮ್ಮ ಪ್ರಾಣ’ ಎಂದೆಲ್ಲ ಗಡ್ಡ ಬಿಟ್ಟವರು ಬೋಧಿಸುವ ವಿಡಿಯೋಗಳು. ಮೊದಲೇ ಕೋತಿ, ಅದಕ್ಕೆ ಹೆಂಡ ಬೇರೆ ಕುಡಿಸಿದ ಹಾಗಾಯಿತು.

ರಜೆಯ ದಿನ ಬಂತೆಂದರೆ ಉಗ್ರಾಣಿ ಬಸ್ಸು ಹತ್ತಿ ತಾಲ್ಲೂಕುಗಳ ಪರೀಕ್ಷೆಗೆ ಹೊರಡುತ್ತಿದ್ದ. ನೀರಿಗಿಷ್ಟು, ಮಣ್ಣಿಗಿಷ್ಟು, ದೂರಕ್ಕಿಷ್ಟು, ಜನಕ್ಕಿಷ್ಟು ಎಂದು ಅಂಕ. ಹಲವು ತಾಲ್ಲೂಕುಗಳು ಅವನ ಕೈಯಲ್ಲಿ ನಪಾಸಾದವು. ಒಂದರಲ್ಲಿ ರೈಲು ನಿಲ್ಲುತ್ತಿತ್ತು, ಒಂದರಲ್ಲಿ ಸಿನಿಮಾ ಇತ್ತು, ಇನ್ನೊಂದರಲ್ಲಿ ಜನ ಅಪರಿಚಿತನನ್ನು ನೋಡಿ ನಕ್ಕರು. ಕೊನೆಗೆ ಒಂದು ತಾಲ್ಲೂಕು ಸಿಕ್ಕಿತು. ಅಲ್ಲಿನ ಒಂದು ಹಳ್ಳಿಗೆ ಟಿಕೆಟ್ ಕೇಳಿದಾಗ ಕಂಡಕ್ಟರ್ ಮುಖ ಮೇಲೆತ್ತಿ “ಅಲ್ಲಿ ಯಾಕೆ ಇಳೀತೀರಿ?” ಎಂದ. ಆ ಪ್ರಶ್ನೆಗೇ ಉಗ್ರಾಣಿ ಪೂರ್ತಿ ಅಂಕ ಕೊಟ್ಟುಬಿಟ್ಟ. ಇಳಿದವನು ಮಣ್ಣನ್ನು ಮುಟ್ಟಿದ, ಮೂಸಿದ, ವಿಡಿಯೋದಲ್ಲಿ ಹೇಳಿದಂತೆ ಒಂದು ಚಿಟಿಕೆ ನಾಲಿಗೆಗೂ ಹಾಕಿಕೊಂಡ. ಪಕ್ಕದಲ್ಲಿ ಮೇಯುತ್ತಿದ್ದ ಹಸು ಮೇಯುವುದನ್ನು ನಿಲ್ಲಿಸಿ ಅವನನ್ನು ನೋಡಿತು.

“ಆಸ್ಪತ್ರೆ ಎಷ್ಟು ದೂರ?” ಎಂದು ಹೆಂಡತಿ ಕೇಳಿದಳು, ಅವನು ಬಂದು ವರ್ಣಿಸಿದಾಗ.

“ತುಂಬಾ ದೂರ. ಅದಕ್ಕೇ ಅಲ್ಲಿ ರೋಗಿಗಳೇ ಇಲ್ಲ!”

“ಉಳಿದಿರಲ್ಲ, ಅಷ್ಟೇ.”

“ನಿನಗೆ ಎಲ್ಲದಕ್ಕೂ ಕೊಂಕು. ಪ್ರಳಯ ಬಂದ ಮೇಲೆ ಗೊತ್ತಾಗುತ್ತೆ.”

“ಅಲ್ಲಾರೀ, ಜನವೇ ಇಲ್ಲದ ಜಾಗಕ್ಕೆ ಹೋದರೆ ನನ್ನ ಹತ್ರ ಬಟ್ಟೆ ಹೊಲಿಸೋರು ಯಾರು?”

“ಪ್ರಳಯ ಆದ ಮೇಲೆ ಹೊಸ ಬಟ್ಟೆ ಯಾರಿಗೆ ಬೇಕೇ?”

“ಪ್ರಳಯ ಆದ ಮೇಲೂ ಜನ ಬೆತ್ತಲೆ ಓಡಾಡಲ್ಲ ಕಣ್ರೀ!”

ಈ ಮಾತಿನಲ್ಲಿ ಅವಳ ಇಡೀ ಬದುಕಿತ್ತು. ಬಾಡಿಗೆ ಮನೆಯ ಬೀದಿ ಕಡೆಯ ಕೋಣೆಯೇ ಅವಳ ಹೊಲಿಗೆ ಅಂಗಡಿ. ಒಂದು ಯಂತ್ರ, ಒಂದು ಕನ್ನಡಿ, ಗೋಡೆಯ ತುಂಬ ನೂಲಿನ ಉಂಡೆಗಳು. ಉಗ್ರಾಣಿಯ ಸಂಬಳ ತಡವಾದ ತಿಂಗಳಲ್ಲೆಲ್ಲ ಒಲೆ ಹೊತ್ತಿದ್ದು ಆ ಯಂತ್ರದಿಂದಲೇ. ಮನೆ ಬಿಟ್ಟರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಅವಳು ಹೋದಂತೆಯೇ. ಜೊತೆಗೆ ಅವಳ ತಾಯಿ, ಅಂದರೆ ಉಗ್ರಾಣಿಯ ಅತ್ತೆ, ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಸಕ್ಕರೆ ಜಾಸ್ತಿ ಹಾಕಿದ ಚಹಾ ಒಂದನ್ನು ಬಿಟ್ಟರೆ ಆ ಮುದುಕಿಗೆ ಈ ಲೋಕದಿಂದ ಬೇರೇನೂ ಬೇಕಿರಲಿಲ್ಲ.

ವಾರಗಟ್ಟಲೆ ಜಗಳವಾಡಿ ಗಂಡ ಹೆಂಡಿರು ಒಂದು ಒಪ್ಪಂದಕ್ಕೆ ಬಂದರು. ಹತ್ತು ದಿನ ಹೋಗಿ ಇದ್ದು ನೋಡುವುದು. ಸರಿಯೆನಿಸಿದರೆ ಮುಂದಿನ ಮಾತು, ಇಲ್ಲವಾದರೆ ವಾಪಸು. ಆ ಹಳ್ಳಿಯಲ್ಲಿ ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯಾಕೆಯೊಬ್ಬರ ಮನೆಯೊಂದು ಖಾಲಿ ಬಿದ್ದಿತ್ತು. ಕೈಪಂಪು, ಹಿತ್ತಲು, ಅಟ್ಟ ಎಲ್ಲ ಇದ್ದ ಮನೆ. “ಮೊದಲು ಬಂದು ಇದ್ದು ನೋಡಿ. ಕೊಡೋದು ಬಿಡೋದು ಆಮೇಲೆ,” ಎಂದಿದ್ದರು ದೊಡ್ಡಮ್ಮ. ನೋಡುವವನು ತಾನೊಬ್ಬನೇ ಎಂದು ಉಗ್ರಾಣಿ ತಿಳಿದುಕೊಂಡ.

ಹೆಂಡತಿಗೆ ಹೇಳದ ಒಂದು ಸಂಗತಿ ಮಾತ್ರ ಇತ್ತು. ಹಿಂದೆ ಮುಂದೆ ನೋಡುವವನು ಪ್ರಳಯದಲ್ಲಿ ಮೊದಲು ಮುಳುಗುತ್ತಾನೆ ಎಂದು ಗಡ್ಡದವನೊಬ್ಬ ವಿಡಿಯೋದಲ್ಲಿ ಹೇಳಿದ್ದ. ಅದನ್ನು ಕೇಳಿದ್ದೇ ತಡ, ಉಗ್ರಾಣಿ ಹೋಗಿ ಮನೆ ಮಾಲೀಕರ ಮುಂದೆ ನಿಂತು, “ತಿಂಗಳ ಕೊನೆಗೆ ನಾವು ಮನೆ ಖಾಲಿ ಮಾಡ್ತೀವಿ,” ಎಂದು ಹೇಳಿ ಬಂದುಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ಕಂಡಿದ್ದೇವೆ. ಇವನು ಇದ್ದ ಕೂಸಿನ ತೊಟ್ಟಿಲನ್ನೇ ಮಾರಿದ್ದ. ಈಗ ದೊಡ್ಡಮ್ಮನ ಮನೆ ಸಿಗದಿದ್ದರೆ ಮೂರು ಜನ, ಒಂದು ಹೊಲಿಗೆ ಯಂತ್ರ, ಎಲ್ಲವೂ ಬೀದಿಗೆ. ಪರೀಕ್ಷೆ ತಾಲ್ಲೂಕಿಗಲ್ಲ, ತನಗೇ ಎಂಬುದು ಆಗಾಗ ಅವನಿಗೆ ನೆನಪಾಗುತ್ತಿತ್ತು.

ಹೊರಟದ್ದು ಒಂದು ಟೆಂಪೋದಲ್ಲಿ. ಹಳ್ಳಿಯವರು ಊಟ ಮಾಡಿ ಅಡ್ಡಾಗುವ ಹೊತ್ತನ್ನೇ ನೋಡಿ ಉಗ್ರಾಣಿ ಸಾಮಾನು ಇಳಿಸಿದ. ಸಕ್ಕರೆ ಮೂಟೆ, ಉಪ್ಪಿನ ಚೀಲ, ಅಕ್ಕಿ, ಬೆಂಕಿಪೊಟ್ಟಣದ ಪೆಟ್ಟಿಗೆ, ಹಗ್ಗದ ಸುರುಳಿ, ಮೇಣದ ಬತ್ತಿ, ಇಷ್ಟನ್ನೂ ಹಾಸಿಗೆಯಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸಿದ. ದಾರಿಯಲ್ಲಿ ಯಾರಿಗೂ ಕಾಣಬಾರದೆಂದು ಸಕ್ಕರೆ ಮೂಟೆಗೆ ಶಾಲು ಹೊದಿಸಿ ಅದರ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಬಂದಿದ್ದ.

“ಅಳಿಯಂದಿರೇ, ದಾರಿಯುದ್ದಕ್ಕೂ ಸಕ್ಕರೆ ಮೇಲೆ ಕೂತು ಬಂದಿದೀನಿ. ಒಂದು ಲೋಟ ಚಹಾ ಮಾಡಿಸ್ತೀರಾ?”

“ಚಹಾ ಮಾಡಿಸೋಣ ಅತ್ತೆ. ಸಕ್ಕರೆ ಮಾತ್ರ ಆಪತ್ಕಾಲಕ್ಕೆ.”

“ನನ್ನ ವಯಸ್ಸಿಗೆ ಇದಕ್ಕಿಂತ ಆಪತ್ಕಾಲ ಇನ್ನೇನಿದೆ?” ಎಂದರು ಅತ್ತೆ. ಉಗ್ರಾಣಿ ಕೇಳಿಸಿಕೊಳ್ಳಲಿಲ್ಲ.

ಅವನು ಹೆಂಡತಿಯನ್ನು ಕೂರಿಸಿ ನಿಯಮ ಬೋಧಿಸಿದ. ಒಂದು, ನಮ್ಮಲ್ಲಿ ದಾಸ್ತಾನು ಇದೆಯೆಂದು ಒಂದು ನರಪಿಳ್ಳೆಗೂ ತಿಳಿಯಬಾರದು. ತಿಳಿದವರೇ ಪ್ರಳಯದ ದಿನ ಮೊದಲು ಬಾಗಿಲು ಒಡೆಯುವವರು. ಇನ್ನೊಂದು, ಹೊರಗಿನಿಂದ ಒಂದು ಹುಲ್ಲುಕಡ್ಡಿಯನ್ನೂ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಪರೀಕ್ಷೆ ರದ್ದು. ಹೆಂಡತಿ ಅಟ್ಟದ ಕಡೆ ನೋಡಿದಳು. ಹಳೆಯ ಹಲಗೆಗಳು ಕಿರ್ ಎನ್ನುತ್ತಿದ್ದವು.

ಮರುದಿನ ಬೆಳಿಗ್ಗೆ ಹಾಲು ಕರೆಯುವಾಕೆ ಬಾಗಿಲಿಗೆ ಬಂದಳು. ನಗುಮುಖದ ಗಟ್ಟಿ ಹೆಂಗಸು.

“ಅಣ್ಣಾ, ಒಂದು ಬೆಂಕಿಪೊಟ್ಟಣ ಇದ್ರೆ ಕೊಡ್ತೀರಾ? ಸಂಜೆ ವಾಪಸ್ ಕೊಡ್ತೀನಿ.”

ಉಗ್ರಾಣಿಯ ಬಾಯಿಗೆ ಯೋಚನೆಯ ಅಗತ್ಯವೇ ಇರಲಿಲ್ಲ. “ಸ್ಟಾಕ್ ಇಲ್ಲ!”

“ಏನಿಲ್ಲ?”

“ಬೆಂಕಿಪೊಟ್ಟಣ. ಇಲ್ಲ. ಏನೂ ಇಲ್ಲ.”

ಅವಳು ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಪಕ್ಕದ ಮನೆಯ ಬಡಗಿ ಬಂದ. ಕೈಯಲ್ಲೊಂದು ಬಟ್ಟಲು. “ಒಂದು ಹಿಡಿ ಉಪ್ಪು ಬೇಕಿತ್ತು, ಯಜಮಾನ್ರೇ.” ಉಪ್ಪೂ ಇರಲಿಲ್ಲ. ಮಧ್ಯಾಹ್ನ ದೊಡ್ಡಮ್ಮ ತಾವೇ ಬಂದು, ಬಾವಿಗೆ ಬಿದ್ದ ಕೊಡ ತೆಗೆಯಬೇಕು, ಹಗ್ಗ ಇದೆಯೇ ಎಂದರು. ಹಗ್ಗವೂ ಇರಲಿಲ್ಲ. ದೊಡ್ಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, “ಪಾಪ,” ಎಂದು ಹೊರಟುಹೋದರು.

“ನೋಡಿದೆಯೇನೇ?” ಎಂದು ಉಗ್ರಾಣಿ ಒಳಗೆ ಬಂದು ಗುಡುಗಿದ. “ನೀರಿಗೆ ತೊಂಬತ್ತು, ಮಣ್ಣಿಗೆ ಎಂಬತ್ತು, ಜನಕ್ಕೆ ಮಾತ್ರ ಸೊನ್ನೆ! ಬರೀ ಕೇಳೋ ಜನ!”

“ಅಲ್ಲಾರೀ, ದಿನಾ ಹಾಲು ಕಾಯಿಸೋ ಮನೇಲಿ ಬೆಂಕಿಪೊಟ್ಟಣ ಇರಲ್ವಾ? ಬಡಗಿ ಮನೇಲಿ ಉಪ್ಪಿಲ್ದೆ ಅಡುಗೆ ಮಾಡ್ತಾರಾ? ಸುಮ್ನೆ ಒಂದು ನೆಪ ಮಾಡ್ಕೊಂಡು ಮಾತಾಡಿಸೋಕೆ ಬಂದಿದಾರೆ.”

“ಬೇಹುಗಾರಿಕೆ! ದಾಸ್ತಾನು ಎಷ್ಟಿದೆ ಅಂತ ಅಳೆಯೋಕೆ ಬಂದಿದಾರೆ!”

ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಸ್ವಾವಲಂಬನೆಯ ಕೆಲಸಗಳು ಆರಂಭವಾದವು. ಮೊದಲು ಕೈಪಂಪು. ತೊಂಬತ್ತು ಅಂಕ ಪಡೆದ ಆ ಪಂಪು ಬಹಳ ದಿನ ಸುಮ್ಮನಿದ್ದು ಒಣಗಿತ್ತು. ಮೇಲಿನಿಂದ ಒಂದು ಬಿಂದಿಗೆ ನೀರು ಹೊಯ್ದು ಒತ್ತಿದರೆ ಮಾತ್ರ ಅದು ನೀರು ಕೊಡುತ್ತದೆ. ಬಿಂದಿಗೆ ನೀರು ಪಕ್ಕದ ಮನೆಯಲ್ಲಿತ್ತು. ಆದರೆ ನಿಯಮ! ಉಗ್ರಾಣಿ ಪಟ್ಟಣದಿಂದ ತಂದಿದ್ದ ಕುಡಿಯುವ ನೀರಿನ ಬಾಟಲಿಗಳನ್ನು ಒಂದೊಂದಾಗಿ ಅದರ ಬಾಯಿಗೆ ಸುರಿದ. ಪಂಪು ಅಷ್ಟನ್ನೂ ಕುಡಿದು, ಒಂದು ತೇಗು ಬಿಟ್ಟು ಸುಮ್ಮನಾಯಿತು. ಅಂಗೈಯಲ್ಲಿ ಬೊಬ್ಬೆ ಏಳುವವರೆಗೆ ಒತ್ತಿದ. ಕೊನೆಗೆ ಪಂಪಿನ ಹಿಡಿಗೆ ತಲೆಯಿಟ್ಟು ನಿಂತಾಗ ಅವನಿಗೆ ನಿಜವಾಗಿಯೂ ಅಳು ಬಂತು. ಕುಡಿಯುವ ನೀರೂ ಹೋಗಿತ್ತು, ಮನೆಯೂ ಹೋಗಿತ್ತು, ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಹೊಳೆಗೆ ಹೋಗಿ ನೀರು ತರುತ್ತೇನೆಂದು ಹೊರಟವನು ದಡದಲ್ಲಿ ಜಾರಿ, ಕೊಡವನ್ನು ಹೊಳೆಗೆ ಅರ್ಪಿಸಿ, ಮೊಣಕೈ ತರಚಿಕೊಂಡು ಬಂದ. ಬರುವಷ್ಟರಲ್ಲಿ ಪಂಪಿನಿಂದ ನೀರು ಧೋ ಎಂದು ಸುರಿಯುತ್ತಿತ್ತು!

“ನೋಡಿದೆಯಾ? ನಾನು ಒತ್ತಿದ್ದು ಈಗ ಕೆಲಸ ಮಾಡ್ತಿದೆ! ನೂರಕ್ಕೆ ನೂರು!”

“ಹೌದು, ನೀವು ಒತ್ತಿದ್ದೇ,” ಎಂದಳು ಹೆಂಡತಿ, ಬಡಗಿಯ ಮನೆಯ ಬಿಂದಿಗೆಯನ್ನು ಸೆರಗಿನ ಹಿಂದೆ ಹಿಡಿದುಕೊಂಡು.

ಆಮೇಲೆ ಕೋಳಿ. ಸ್ವಾವಲಂಬಿ ಮನೆಗೆ ಕೋಳಿಯೇ ಭೂಷಣ ಎಂದು ಬರುವಾಗಲೇ ಎರಡು ಕೋಳಿ ತಂದಿದ್ದ. ಅವಕ್ಕೆ ತಂತಿ ಬಲೆ ಕಟ್ಟಿ, ಹುಲ್ಲು ಹಾಸಿ, ಅರಮನೆಯನ್ನೇ ಕಟ್ಟಿಕೊಟ್ಟ. ಬಲೆ ಕಟ್ಟಿದ್ದು ಕಾರ್ಖಾನೆಯ ಉಗ್ರಾಣಿ. ಒಳಗಿನಿಂದ ಏನೂ ಹೊರಗೆ ಹೋಗಬಾರದು ಎಂಬ ಒಂದೇ ಗುರಿಯಿಂದ ಬಾಗಿಲನ್ನೇ ಬಿಗಿಯಾಗಿ ಕಟ್ಟಿ, ಹಿಂಬದಿ ಇಡೀ ತೆರೆದು ಬಿಟ್ಟಿದ್ದ. ಕೋಳಿಗಳು ಅರಮನೆಯನ್ನು ಒಮ್ಮೆ ನೋಡಿ, ಹಿಂದಿನಿಂದ ಹೊರಟು, ಬಡಗಿಯ ಮರದ ಹೊಟ್ಟಿನ ರಾಶಿಯ ಮೇಲೆ ಹೋಗಿ ಕೂತು ಮೊಟ್ಟೆಯಿಟ್ಟವು. ಬಡಗಿ ಎರಡೂ ಮೊಟ್ಟೆಗಳನ್ನು ಜೋಪಾನವಾಗಿ ತಂದು ಕೊಟ್ಟ. ಉಗ್ರಾಣಿ ಕೈ ಹಿಂದಕ್ಕೆ ಕಟ್ಟಿಕೊಂಡ.

“ಬೇಡಪ್ಪಾ. ನಾವು ಹೊರಗಿನಿಂದ ಏನೂ ತಗೊಳ್ಳಲ್ಲ.”

“ನಿಮ್ಮ ಕೋಳೀದೇ ಯಜಮಾನ್ರೇ!”

“ಎಲ್ಲಿ ಇಟ್ಟಿದ್ದು?”

“ನಮ್ಮ ಹಿತ್ತಲಲ್ಲಿ.”

“ಮತ್ತೆ? ಉತ್ಪಾದನೆ ನಿಮ್ಮ ಕಡೆ ಆಗಿದೆ. ಹೊರಗಿನ ಸರಕು!”

ಬಡಗಿ ಮೊಟ್ಟೆಯನ್ನೂ ಅವನನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, ಮೊಟ್ಟೆ ಕೆಟ್ಟಿಲ್ಲ, ಕೆಟ್ಟಿರುವುದು ತಲೆ ಎಂಬುದನ್ನು ಖಚಿತ ಮಾಡಿಕೊಂಡು, ಹಿಂತಿರುಗಿದ. ಒಳಗಿನಿಂದ ಹೆಂಡತಿ, “ನಮ್ಮ ಕೋಳಿ, ನಮ್ಮ ಮೊಟ್ಟೆ, ನಾವು ಮಾತ್ರ ಬರೀ ಆಲೂಗಡ್ಡೆ ತಿನ್ನಬೇಕು! ಯಾವ ಜನ್ಮದ ಕರ್ಮನೋ!” ಎಂದು ಪಾತ್ರೆ ಕುಕ್ಕಿದಳು.

ಸುದ್ದಿ ಊರಲ್ಲಿ ಹಬ್ಬಿತು. ಪಟ್ಟಣದಿಂದ ಬಂದವರ ಮನೆಯಲ್ಲಿ ಬೆಂಕಿಪೊಟ್ಟಣವಿಲ್ಲ, ಉಪ್ಪಿಲ್ಲ, ಹಗ್ಗವಿಲ್ಲ. ಪಾಪ, ಮಾನ ಬಿಟ್ಟು ಕೇಳಲಾರರು, ಕೊಟ್ಟರೆ ತೆಗೆದುಕೊಳ್ಳಲಾರರು. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಒಂದು ತಂಬಿಗೆ ಹಾಲು. ಇನ್ನೊಂದು ದಿನ ಒಂದು ಬುಟ್ಟಿ ಆಲೂಗಡ್ಡೆ. ಮತ್ತೊಂದು ದಿನ ಬೆಂಕಿಪೊಟ್ಟಣ ಮತ್ತು ಉಪ್ಪು, ಅಚ್ಚುಕಟ್ಟಾಗಿ ಎಲೆಯಲ್ಲಿ ಕಟ್ಟಿದ್ದು. ಉಗ್ರಾಣಿ ಒಂದೊಂದನ್ನೂ ಹೊತ್ತುಕೊಂಡು ಮನೆ ಮನೆಗೆ ಹೋಗಿ ವಾಪಸು ಕೊಟ್ಟು ಬಂದ. ಇಲ್ಲದವನು ಬೇಡುವುದು ಗೊತ್ತು, ಇದ್ದವನು ಬೇಡವೆನ್ನುವುದೂ ಗೊತ್ತು. ಇಲ್ಲದೆಯೂ ಬೇಡವೆನ್ನುವವನನ್ನು ಆ ಊರು ಕಂಡಿರಲಿಲ್ಲ. ಮನೆಯಲ್ಲಿ ಹೆಂಗಸರನ್ನು ಉಪವಾಸ ಕೆಡವಿ ತನ್ನ ಹಟ ಸಾಧಿಸುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಜನ ಬಂದರು.

ಆ ತೀರ್ಮಾನಕ್ಕೆ ಮುದ್ರೆ ಒತ್ತಿದವರು ಅತ್ತೆ. ಅವರು ದಿನವೂ ಮಧ್ಯಾಹ್ನ ಗಾಳಿಗೆಂದು ಹೊರಟು ದೊಡ್ಡಮ್ಮನ ಜಗಲಿ ಸೇರುತ್ತಿದ್ದರು. ಅಲ್ಲಿ ಸಿಹಿ ಚಹಾ ಸಿಗುತ್ತಿತ್ತು. ಒಂದು ದಿನ ಎರಡನೆಯ ಲೋಟ ಕೇಳಿ, ಮೂರನೆಯದನ್ನೂ ಕೇಳಿ, ಕೊನೆಗೆ ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಿನಿಂದ ತೆಗೆದು ತಿಂದರು.

“ಮನೇಲಿ ಸಕ್ಕರೆ ಇಲ್ವಾ ಅಕ್ಕಾ?” ಎಂದರು ದೊಡ್ಡಮ್ಮ.

“ನನ್ನ ಅಳಿಯನ ಬಗ್ಗೆ ನಾನು ಒಂದು ಮಾತೂ ಆಡಲ್ಲಮ್ಮಾ,” ಎಂದು ಅತ್ತೆ ಕಣ್ಣೊರೆಸಿಕೊಂಡರು. ಒಂದು ಮಾತೂ ಆಡದೆ ಅಳಿಯನ ಮಾನ ಇಷ್ಟು ಚೆನ್ನಾಗಿ ಕಳೆದವರು ಇನ್ನೊಬ್ಬರಿರಲಾರರು.

ಅದೇ ಸಂಜೆ ಊರವರು ಬಂದರು. ಮುಂದೆ ದೊಡ್ಡಮ್ಮ, ಹಿಂದೆ ಹಾಲಿನಾಕೆ, ಹೆಗಲ ಮೇಲೆ ಒಂದು ಚೀಲ ಹೊತ್ತ ಬಡಗಿ, ಅವರ ಹಿಂದೆ ಇನ್ನಷ್ಟು ಜನ. ಪ್ರತಿ ಮನೆಯಿಂದ ಒಂದೊಂದು ಪಾವಿನಂತೆ ಕೂಡಿಸಿದ ಕಾಳು, ಅಕ್ಕಿ, ಸಕ್ಕರೆ ಆ ಚೀಲದಲ್ಲಿತ್ತು. ಉಗ್ರಾಣಿ ಬಾಗಿಲಿಗೆ ಅಡ್ಡ ನಿಂತ.

“ಇಲ್ಲ ಅನ್ನೋದಕ್ಕೆ ನಾಚಿಕೆ ಪಡಬಾರದಪ್ಪಾ,” ಎಂದರು ದೊಡ್ಡಮ್ಮ ಮೆಲ್ಲಗೆ. “ಎಲ್ಲರಿಗೂ ಒಂದು ಕಾಲ ಬರುತ್ತೆ. ಇದನ್ನ ಇಟ್ಕೋ.”

“ಬೇಡ ದೊಡ್ಡಮ್ಮಾ. ನಾವು ಸ್ವಾವಲಂಬಿಗಳು.”

“ಆಗಿರು. ಆದರೆ ಆ ಮುದುಕಿ ಆಗೋದು ಬೇಡ. ಏ ಬಡಗಿ, ಒಳಗೆ ಇಡಪ್ಪಾ.”

ಬಡಗಿ ಉಗ್ರಾಣಿಯನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ ಒಳಗೆ ಬಂದ. “ಕೆಳಗಿಟ್ರೆ ಇಲಿ ತಿನ್ನುತ್ತೆ. ಅಟ್ಟದ ಮೇಲಿಡ್ತೀನಿ.”

“ಅಟ್ಟ ಬೇಡ!” ಎಂದು ಉಗ್ರಾಣಿ ಕಿರುಚಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಬಡಗಿ ಚೀಲವನ್ನು ಎತ್ತಿ ಅಟ್ಟದ ಅಂಚಿಗೆ ತಳ್ಳಿದ. ಉಗ್ರಾಣಿ ಹಾರಿ ಚೀಲದ ಬಾಲ ಹಿಡಿದ. ಅವರಿಬ್ಬರ ಎಳೆದಾಟದ ಭಾರವೂ ಸೇರಿ, ಈವರೆಗೆ ಬರೀ ಕಿರ್ ಎನ್ನುತ್ತಿದ್ದ ಹಲಗೆ ಒಮ್ಮೆ ಫಟ್ ಎಂದಿತು.

ಮೊದಲು ಬಿದ್ದದ್ದು ಉಪ್ಪು. ಅದರ ಹಿಂದೆ ಅಕ್ಕಿ. ಅಕ್ಕಿಯ ಹಿಂದೆ ಮೇಣದ ಬತ್ತಿ. ಪೆಟ್ಟಿಗೆ ಒಡೆದು ಬೆಂಕಿಪೊಟ್ಟಣಗಳು ಆಲಿಕಲ್ಲಿನಂತೆ ಸುರಿದವು. ಹಗ್ಗದ ಸುರುಳಿ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಬಂದು ಉಗ್ರಾಣಿಯ ಕೊರಳಿಗೆ ಹಾರದಂತೆ ಬಿತ್ತು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಸಕ್ಕರೆ ಮೂಟೆ ಬಿದ್ದು, ಒಡೆದು, ಅವನು ಮೊಣಕಾಲಿನವರೆಗೆ ಸಕ್ಕರೆಯಲ್ಲಿ ನಿಂತ. ಉಗ್ರಾಣಿಯ ದಾಸ್ತಾನು ಮೊದಲ ಸಲ, ಕೇಳಿದವರಿಗೂ ಕೇಳದವರಿಗೂ, ಒಟ್ಟಿಗೆ ವಿತರಣೆಯಾಗಿತ್ತು!

ಹಾಲಿನಾಕೆ ಬಗ್ಗಿ ಒಂದು ಬೆಂಕಿಪೊಟ್ಟಣ ಎತ್ತಿಕೊಂಡಳು. ಅಲುಗಾಡಿಸಿ ನೋಡಿದಳು. “ತುಂಬಿದೆ,” ಎಂದಷ್ಟೇ ಹೇಳಿ ಅದನ್ನು ಇದ್ದ ಜಾಗದಲ್ಲೇ ಇಟ್ಟಳು.

ಯಾರಾದರೂ ನಕ್ಕಿದ್ದರೆ ಉಗ್ರಾಣಿ ಬದುಕಿಕೊಳ್ಳುತ್ತಿದ್ದ. ಬೈದಿದ್ದರೂ ಆಗುತ್ತಿತ್ತು. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಬಡಗಿ ತಾನು ತಂದ ಚೀಲವನ್ನು ಹುಡುಕಿ, ಮೇಲಿನ ಉಪ್ಪು ಕೊಡವಿ, ಮತ್ತೆ ಹೆಗಲಿಗೇರಿಸಿದ. ಅಷ್ಟೂ ಜನ ಒಬ್ಬರ ಹಿಂದೊಬ್ಬರಂತೆ ಹೊರಗೆ ಹೋದರು. ಆ ಹೆಜ್ಜೆಗಳ ಸದ್ದು ಕೇಳುತ್ತ ಉಗ್ರಾಣಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. ಬಿಡಲಿಲ್ಲ, ಆ ತಾಲ್ಲೂಕಿನ ಮಣ್ಣು ಗಟ್ಟಿ ಎಂದು ಅವನೇ ಅಂಕ ಕೊಟ್ಟಿದ್ದ. ಇಂಗು ತಿಂದ ಮಂಗನಂತೆ ಅಲ್ಲೇ ನಿಂತ. ಅತ್ತೆ ಮಾತ್ರ ಒಂದು ಚಮಚ ತಂದು, ಅವನ ಕಾಲ ಬಳಿ ಕೂತು, ಸಕ್ಕರೆಯನ್ನು ಬಟ್ಟಲಿಗೆ ತುಂಬಿಕೊಳ್ಳತೊಡಗಿದರು.

ದೊಡ್ಡಮ್ಮ ಉಳಿದಿದ್ದರು.

“ನಾನು ಹಗ್ಗ ಕೇಳಿದ್ದು ಯಾಕೆ ಗೊತ್ತಾ?”

“ಕೊಡ ತೆಗೆಯೋಕೆ.”

“ಯಾವ ಕೊಡಾನೂ ಬಿದ್ದಿರಲಿಲ್ಲ. ಈ ಊರಿಗೆ ಹೊಸಬರು ಬಂದರೆ ಮೊದಲು ನಾವೇ ಹೋಗಿ ಏನಾದರೂ ಕೇಳ್ತೀವಿ. ನಾಳೆ ಅವರಿಗೆ ನಮ್ಮನ್ನ ಕೇಳೋಕೆ ಸಂಕೋಚ ಆಗಬಾರದಲ್ಲ, ಅದಕ್ಕೆ. ಇಲ್ಲಿ ಬಸ್ಸು ನಿಲ್ಲೋದೇ ಅಪರೂಪ, ಆಸ್ಪತ್ರೆ ಇಲ್ಲ. ಒಬ್ಬರನ್ನೊಬ್ಬರು ಕೇಳದೆ ಇಲ್ಲಿ ಯಾರೂ ಬದುಕಿಲ್ಲಪ್ಪಾ.”

“ದೊಡ್ಡಮ್ಮಾ, ತಪ್ಪಾಯ್ತು. ಮನೆ...”

“ಮನೆ ನಿನಗೆ ಕೊಡಲ್ಲ.” ಅವರು ಹೆಂಡತಿಯ ಕಡೆ ತಿರುಗಿದರು. “ನಿನಗೆ ಬೇಕಾದ್ರೆ ಹೇಳಮ್ಮಾ. ಬಂದ ದಿನದಿಂದ ಇವನ ಕಣ್ಣು ತಪ್ಪಿಸಿ ಈ ಊರಿನ ಹರಿದ ಹೊದಿಕೆ ಎಲ್ಲ ಕೈಯಲ್ಲೇ ಹೊಲಿದು ಕೊಟ್ಟಿದೀಯ. ನೀನು ಕೇಳಿದ ಬಿಂದಿಗೆಯಿಂದ ಪಂಪೂ ಶುರುವಾಯ್ತು. ನೀನು, ನಿಮ್ಮಮ್ಮ ಯಾವತ್ತು ಬೇಕಾದ್ರೂ ಬಂದಿರಿ. ಇವನು...” ಸ್ವಲ್ಪ ಯೋಚಿಸಿದರು. “ಇವನು ಹೋಗಿ ಬಂದು ಮಾಡಲಿ.”

ಅವರು ಹೋದ ಮೇಲೆ ಉಗ್ರಾಣಿ ಹೊಸ್ತಿಲ ಮೇಲೆ ಕುಸಿದು ಕೂತ. ಕೊರಳಲ್ಲಿ ಹಗ್ಗ ಇನ್ನೂ ಇತ್ತು. ಹೋಗಿ ಬಂದು ಮಾಡಲು ಹೋಗುವ ಜಾಗ ಎಲ್ಲಿದೆ? ಹೆಂಡತಿ ಪೊರಕೆ ಹಿಡಿದು ಉಪ್ಪನ್ನೂ ಅಕ್ಕಿಯನ್ನೂ ಬೇರೆ ಮಾಡಲು ಯತ್ನಿಸುತ್ತಿದ್ದಳು. ಅವಳನ್ನು ನೋಡಿ, ಬೀದಿ ಕಡೆಯ ಕೋಣೆಯನ್ನು, ಗೋಡೆಯ ಮೇಲಿನ ಬಣ್ಣ ಬಣ್ಣದ ನೂಲುಂಡೆಗಳನ್ನು ನೆನೆದು ಅವನ ಎದೆ ಒಡೆಯಿತು.

“ಒಂದು ಮಾತು ಹೇಳಬೇಕು ಕಣೇ.”

“ಹೇಳಿ.”

“ಪಟ್ಟಣದ ಮನೆ... ಬಿಟ್ಟುಕೊಟ್ಟುಬಿಟ್ಟಿದೀನಿ. ತಿಂಗಳ ಕೊನೆಗೆ ಖಾಲಿ ಮಾಡ್ತೀವಿ ಅಂತ ಮಾಲೀಕರಿಗೆ ಹೇಳಿಬಿಟ್ಟೆ. ನಿನ್ನ ಅಂಗಡೀನೂ ಹೋಯ್ತು. ಎಲ್ಲಾ ಹೋಯ್ತು. ನನ್ನನ್ನ ಏನು ಬೇಕಾದ್ರೂ ಅನ್ನು.”

ಪೊರಕೆ ನಿಲ್ಲಲಿಲ್ಲ.

“ಗೊತ್ತು,” ಎಂದಳು ಹೆಂಡತಿ.

“ಏನು ಗೊತ್ತು?”

“ನೀವು ಹೇಳಿ ಬಂದ ಸಂಜೆಯೇ ಮಾಲೀಕರು ನನ್ನ ಹತ್ರ ಓಡಿ ಬಂದ್ರು. ‘ಏನಮ್ಮಾ, ಯಜಮಾನ್ರು ಹುಷಾರಾಗಿದಾರಾ?’ ಅಂದ್ರು. ಆವತ್ತೇ ಕರಾರು ನನ್ನ ಹೆಸರಿಗೆ ಮಾಡಿಸಿಕೊಂಡೆ. ಈಗ ಆ ಮನೆಗೆ ಬಾಡಿಗೆದಾರಳು ನಾನು. ಅಮ್ಮನೂ ನನ್ನ ಜೊತೆ ಇರಬಹುದು ಅಂತ ಬರೆದಿದೆ.”

“ನಾನು?”

“ನಿಮ್ಮ ವಿಷಯ ಆಮೇಲೆ ನೋಡೋಣ ಅಂತ ಬಿಟ್ಟಿದೀವಿ.”

ಉಗ್ರಾಣಿಯ ಕಣ್ಣಲ್ಲಿ ನೀರು ಬಂತು. ಸಮಾಧಾನಕ್ಕೋ ಅವಮಾನಕ್ಕೋ ಅವನಿಗೇ ತಿಳಿಯಲಿಲ್ಲ. ಮಳೆ ಬರುವ ಮುಂಚೆಯೇ ಕೊಡೆ ಬಿಚ್ಚಿದ್ದಳು ಇವಳು, ಅದೂ ಒಂದು ವಿಡಿಯೋ ಕೂಡ ನೋಡದೆ! ಇಷ್ಟು ದಿನ ತಾನೊಬ್ಬನೇ ಒಂಟಿಯಾಗಿ ಕೂಗುತ್ತಿದ್ದೆ ಎಂದುಕೊಂಡಿದ್ದವನಿಗೆ, ಕಗ್ಗತ್ತಲಲ್ಲಿ ಒಂದು ಕಡ್ಡಿ ಗೀರಿದಂತಾಯಿತು. ಮೂಗು ಒರೆಸಿಕೊಂಡು ಆಸೆಯಿಂದ ಕೇಳಿದ:

“ಹಾಗಾದ್ರೆ ಒಳಗೊಳಗೆ ನೀನೂ ನಂಬಿದ್ದೆ ಅಂತಾಯ್ತು! ಪ್ರಳಯ ಬಂದೇ ಬರುತ್ತೆ ಅಂತ!”

ಹೆಂಡತಿ ಪೊರಕೆ ಕೆಳಗಿಟ್ಟು, ಅವನ ಕೊರಳಿನಿಂದ ಹಗ್ಗ ತೆಗೆದು ಸುರುಳಿ ಸುತ್ತುತ್ತ ಹೇಳಿದಳು:

“ಬರೋದೇನು ಬಂತು ಕಣ್ರೀ? ನಾನು ಅದನ್ನೇ ಅಲ್ವಾ ಮದುವೆ ಆಗಿರೋದು!”